ಕಂಡ ಮುಖ, ಓದಿದ ಮಾತು

ಅಧ್ಯಾಪಕನಾಗಿದ್ದಾಗ ಒಂದು ಮೌಖಿಕ ಪರೀಕ್ಷೆಯಲ್ಲಿ ನಾನೊಬ್ಬ ಹುಡುಗನಿಗೆ ಅನ್ಯಾಯ ಮಾಡಿದೆ. ಪ್ರಶ್ನೆ ಕೇಳಿದೊಡನೆ ಅವನು ತಲೆ ತಗ್ಗಿಸಿದ, ಮಾತು ತಡವರಿಸಿತು. ಓದಿಲ್ಲವೆಂದು ತೀರ್ಮಾನಿಸಿ ಕಡಿಮೆ ಅಂಕ ಕೊಟ್ಟೆ. ಮುಂದೆ ಅವನ ಉತ್ತರಪತ್ರಿಕೆ ನನ್ನ ಕೈಗೆ ಬಂದಾಗ, ನಾನು ಕಂಡದ್ದು ಅಜ್ಞಾನವನ್ನಲ್ಲ, ಅಂಜಿಕೆಯನ್ನು ಎಂದು ತಿಳಿಯಿತು. ಅಷ್ಟರಲ್ಲಿ ಅಂಕಪಟ್ಟಿ ಹೋಗಿಬಿಟ್ಟಿತ್ತು. ಬಾಲಾಪರಾಧದ ಮೊಕದ್ದಮೆಗಳಲ್ಲಿ ಮೇಲ್ಮನವಿಯ ನ್ಯಾಯಾಲಯ ಸಾಕ್ಷಿಗಳ ಮಾತನ್ನು ತೂಗುವ ಬಗೆಯನ್ನು ಯೋಚಿಸುವಾಗಲೆಲ್ಲ ಆ ಹುಡುಗ ನನಗೆ ನೆನಪಾಗುತ್ತಾನೆ.

ಈಗ ನನ್ನ ಧ್ವನಿಯಷ್ಟೇ ನಿಮ್ಮನ್ನು ತಲಪುತ್ತಿದೆ, ಮುಖ ಕಾಣದು. ಮೇಲ್ಮನವಿಯ ನ್ಯಾಯಾಧೀಶರಿಗೆ ಸಾಮಾನ್ಯವಾಗಿ ಸಾಕ್ಷಿಯ ಧ್ವನಿಯೂ ಇಲ್ಲ. ಇರುವುದು ಬರಹಕ್ಕಿಳಿದ ಹೇಳಿಕೆ ಮಾತ್ರ. 'ಹೌದು' ಎನ್ನುವ ಮುನ್ನ ಸಾಕ್ಷಿ ಎಷ್ಟು ಹೊತ್ತು ಸುಮ್ಮನಿದ್ದ ಎಂಬುದನ್ನು ಕಾಗದ ಹೇಳದು. ಆದುದರಿಂದಲೇ 1934ರಲ್ಲಿ ಪ್ರಿವಿ ಕೌನ್ಸಿಲ್, ಶಿಯೋ ಸ್ವರೂಪ್ ಪ್ರಕರಣದಲ್ಲಿ, ಖುಲಾಸೆಯ ವಿರುದ್ಧ ಮೇಲ್ಮನವಿ ಬಂದಾಗ ಉಚ್ಚ ನ್ಯಾಯಾಲಯವು ಸಾಕ್ಷ್ಯವನ್ನೆಲ್ಲ ಮರಳಿ ಪರಿಶೀಲಿಸಬಹುದು, ಆದರೆ ಸಾಕ್ಷಿಗಳನ್ನು ಕಣ್ಣಾರೆ ಕಂಡ ನ್ಯಾಯಾಧೀಶರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎಂದಿತು. ಆರೋಪಿ ನಿರಪರಾಧಿಯೆಂಬ ಭಾವನೆಯನ್ನೂ ಅವನಿಗೆ ಸಲ್ಲುವ ಸಂಶಯದ ಲಾಭವನ್ನೂ ಮರೆಯಬಾರದೆಂದು ಅದೇ ಉಸಿರಿನಲ್ಲಿ ಹೇಳಿತು.

ಮಕ್ಕಳ ವಿಷಯದಲ್ಲಿ ಈ ತೂಕ ಇನ್ನೂ ಸೂಕ್ಷ್ಮವಾದುದು. 2015ರ ಬಾಲನ್ಯಾಯ ಕಾಯಿದೆಯಂತೆ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಸೇವಕರೂ ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮಂಡಳಿಯ ಆದೇಶದ ಮೇಲೆ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಂದಾಚೆಗೆ ಎರಡನೆಯ ಮೇಲ್ಮನವಿಯಿಲ್ಲ. ಉಚ್ಚ ನ್ಯಾಯಾಲಯದ ಪುನರವಲೋಕನಾಧಿಕಾರವೊಂದು ಉಳಿಯುತ್ತದೆ. ಲಘು ಅಪರಾಧಗಳನ್ನು ಸಂಕ್ಷಿಪ್ತ ವಿಚಾರಣೆಯಲ್ಲಿ ಮುಗಿಸುವುದರಿಂದ ಅಲ್ಲಿ ಬರಹಕ್ಕೆ ಬರುವುದು ಸಾಕ್ಷ್ಯದ ಸಾರಾಂಶವಷ್ಟೇ.

ಬರಹವೇ ಇಲ್ಲದಿದ್ದರೆ ಏನಾಗುತ್ತದೆ? ಅಮೆರಿಕದ ಆರಿಜೋನಾ ರಾಜ್ಯದ ಗಾಲ್ಟ್ ಪ್ರಕರಣ ಅದಕ್ಕೆ ನಿದರ್ಶನ. 1964ರಲ್ಲಿ ಹದಿನೈದು ವರ್ಷದ ಹುಡುಗನೊಬ್ಬನ ಮೇಲೆ, ನೆರೆಯ ಮಹಿಳೆಗೆ ದೂರವಾಣಿಯಲ್ಲಿ ಅಸಭ್ಯ ಮಾತಾಡಿದನೆಂಬ ಆರೋಪ ಬಂತು. ದೂರಿತ್ತವರು ನ್ಯಾಯಾಲಯಕ್ಕೆ ಬರಲೇ ಇಲ್ಲ. ಹೇಳಿಕೆಗಳನ್ನು ಬರೆದುಕೊಳ್ಳಲಿಲ್ಲ. ಇಪ್ಪತ್ತೊಂದು ತುಂಬುವವರೆಗೂ ಇರಿಸಿಕೊಳ್ಳಬಹುದಾದ ಸುಧಾರಣಾ ಶಾಲೆಗೆ ಹುಡುಗನನ್ನು ಕಳುಹಿಸಲಾಯಿತು. ಇಂಥ ಪ್ರಕರಣದಲ್ಲಿ ಮೇಲ್ಮನವಿಗೆ ಆ ರಾಜ್ಯದಲ್ಲಿ ಅವಕಾಶವೂ ಇರಲಿಲ್ಲ. ಮುಂದೆ ಅವನ ಬಿಡುಗಡೆ ಕೋರಿ ಅರ್ಜಿ ಬಂದಾಗ, ಹುಡುಗ ಏನು ಒಪ್ಪಿಕೊಂಡಿದ್ದನೆಂಬುದನ್ನು ನ್ಯಾಯಾಧೀಶರೇ ನೆನಪಿನಿಂದ ಹೇಳಬೇಕಾಯಿತು. ತಂದೆತಾಯಿಗಳ ನೆನಪು ಬೇರೆಯಾಗಿತ್ತು. ತೀರ್ಪಿತ್ತವರೇ ಸಾಕ್ಷಿಯಾಗಿ ನಿಂತಂತಾಯಿತು! 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಇಂಥ ವಿಚಾರಣೆಯಲ್ಲಿ ಮಗುವಿಗೂ ವಕೀಲರ ನೆರವು, ಎದುರು ಸಾಕ್ಷಿಗೆ ಪಾಟೀಸವಾಲು ಹಾಕುವ ಹಕ್ಕು ಉಂಟೆಂದು ತೀರ್ಪಿತ್ತಿತು.

ಕಣ್ಣಾರೆ ಕಂಡವರ ಮಾತಿಗೆ ಗೌರವ ಸಲ್ಲಲೇಬೇಕು. ಆದರೆ 'ಕಂಡೆ, ನಂಬಿದೆ' ಎಂದರೆ ಸಾಲದು. ಏಕೆ ನಂಬಿದೆನೆಂಬುದು ಬರಹದಲ್ಲಿ ಇರಬೇಕು. ಎಳೆಯ ಮುಖದ ಮೇಲೆ ಭಯವೂ ಸುಳ್ಳೂ ಎಷ್ಟೋ ವೇಳೆ ಒಂದೇ ತೆರನಾಗಿ ತೋರುತ್ತವೆ. ನನ್ನ ವಿದ್ಯಾರ್ಥಿಯ ಪರವಾಗಿ ಅವನ ಉತ್ತರಪತ್ರಿಕೆ ಮಾತಾಡಿತು. ಮಂಡಳಿಯ ಮುಂದೆ ನಿಂತ ಮಗುವಿನ ಪರವಾಗಿ ಮಾತಾಡಬಲ್ಲದ್ದು ಪ್ರಾಮಾಣಿಕವಾಗಿ ಬರೆದಿಟ್ಟ ದಾಖಲೆ, ಮತ್ತು ಅದನ್ನು ಬಿಡುವಾಗಿ ಓದುವ ಇನ್ನೊಬ್ಬ ನ್ಯಾಯಾಧೀಶ.