ನಿಂತ ಜಾವಾ ಮತ್ತೆ ನುಡಿದೀತೆ?

ಮೈಸೂರಿನ ಹಳೆಯ ಬಡಾವಣೆಗಳಲ್ಲಿ, ಹಿತ್ತಿಲಲ್ಲೋ ಮಹಡಿ ಮೆಟ್ಟಿಲ ಕೆಳಗೋ ಗೋಣಿತಾಟು ಹೊದ್ದುಕೊಂಡು ಒಂದು ಮೋಟಾರು ಸೈಕಲ್ಲು ನಿಂತಿರುವ ಮನೆಗಳು ಇಂದಿಗೂ ಉಂಟು. ಒಂದು ಕಾಲದಲ್ಲಿ ಯಜಮಾನರನ್ನು ಕಚೇರಿಗೂ, ಮನೆಯಾಕೆಯನ್ನು ದೇವರಾಜ ಮಾರುಕಟ್ಟೆಗೂ, ಮಕ್ಕಳನ್ನು ಶಾಲೆಗೂ ಹೊತ್ತೊಯ್ದ ವಾಹನವದು. ಗುಜರಿಗೆ ಹಾಕಲು ಮನಸ್ಸೊಪ್ಪದು, ಓಡಿಸೋಣವೆಂದರೆ ಓಡದು. ಇಂಥದಕ್ಕೆ ಮರಳಿ ಜೀವ ಬಂದೀತೆ? ಬಹುಮಟ್ಟಿಗೆ ಬರುತ್ತದೆ. ಆದರೆ ಆತುರವನ್ನು ಬಿಡಬೇಕು.

ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಚೆಕೊಸ್ಲೊವಾಕಿಯಾದ ಉದ್ಯಮಿ ಯಾನೆಚೆಕ್ ಎಂಬವರು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಕೊಂಡರು. ಎರಡೂ ಹೆಸರುಗಳ ಮೊದಲಕ್ಷರಗಳು ಕೂಡಿ 'ಯಾವಾ' ಆಯಿತು. ನಮ್ಮ ನಾಲಗೆಯಲ್ಲಿ ಅದು ಜಾವಾ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಈ ವಾಹನಗಳು ಹೊರಬರತೊಡಗಿದವು. 1973ರಲ್ಲಿ ಹೆಸರು ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಜಾವಾ 2018ರಲ್ಲಿಯೂ ಯೆಜ್ಡಿ 2022ರಲ್ಲಿಯೂ ಹೊಸ ರೂಪದಲ್ಲಿ ಮರಳಿ ಬಂದಿವೆಯಾದರೂ ಅವುಗಳ ಯಂತ್ರವೇ ಬೇರೆ.

ಹಳೆಯ 250 ಸಿ.ಸಿ. ಜಾವಾದ್ದು ಟೂ-ಸ್ಟ್ರೋಕ್ ಯಂತ್ರ. ಅದರಲ್ಲಿ ವಾಲ್ವುಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತ ತೆರೆದು ಮುಚ್ಚುತ್ತದೆ. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಹಾಕಬೇಕು. ವಾಹನ ವರ್ಷಗಟ್ಟಲೆ ನಿಂತಾಗ ಆ ಎಣ್ಣೆಯ ಲೇಪ ಜಾರಿಹೋಗುತ್ತದೆ; ತೇವ ಒಳಸೇರಿ ತುಕ್ಕು ಹಿಡಿಯುತ್ತದೆ.

ನನ್ನ ಸೋದರಮಾವನವರ ಜಾವಾ ಹತ್ತೊಂಬತ್ತು ವರ್ಷ ಹೀಗೆಯೇ ನಿಂತಿತ್ತು. ಮನೆಯ ಹುಡುಗರು ಪ್ಲಗ್ಗು ಬದಲಾಯಿಸಿ ಕಿಕ್ ಹೊಡೆಯಲು ಸಿದ್ಧರಾದರು. ಕರೆಸಿದ್ದ ಮೆಕ್ಯಾನಿಕ್ ಸಾಹೇಬರು ಕೈ ಅಡ್ಡ ಹಿಡಿದು, "ಬೇಡಿ ಸ್ವಾಮಿ, ಮೊದಲು ಒಳಗೆ ನೋಡೋಣ" ಎಂದರು. ಪ್ಲಗ್ಗಿನ ರಂಧ್ರದಲ್ಲಿ ಎಣ್ಣೆ ಬಿಟ್ಟು ನಾಲ್ಕು ದಿನ ಹಾಗೆಯೇ ಇರಿಸಿ, ಆಮೇಲೆ ಹೆಡ್ಡು ಬಿಚ್ಚಿದರು. ಸಿಲಿಂಡರಿನ ಸುತ್ತ ತುಕ್ಕಿನ ಕೆಂಪು ಪಟ್ಟಿ. ಪಿಸ್ಟನ್ನಿನ ರಿಂಗುಗಳು ಗಾಡಿಯಲ್ಲಿಯೇ ಅಂಟಿಕೊಂಡಿದ್ದವು. ಬಲವಂತದಿಂದ ತಿರುಗಿಸಿದ್ದರೆ ರಿಂಗು ಮುರಿದು, ಕಿಂಡಿಗೆ ಸಿಕ್ಕಿ, ಸಿಲಿಂಡರೇ ಹಾಳಾಗುತ್ತಿತ್ತು. ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್ ಕೂಡಿಸುವುದರಲ್ಲಿ ಕೆಲಸ ಮುಗಿಯಿತು.

ಆದರೆ ಓಡುವುದು ಬೇರೆ, ಚೆನ್ನಾಗಿ ಓಡುವುದು ಬೇರೆ. ಹೊಸ ಪಿಸ್ಟನ್ ಹಾಕಿದರೂ ಕೆಲವು ವಾಹನಗಳು ಹೊಗೆ ಉಗುಳುತ್ತವೆ, ಏರಿನಲ್ಲಿ ಸೋಲುತ್ತವೆ. ಕ್ರ್ಯಾಂಕಿನ ಎರಡು ಬದಿಯ ರಬ್ಬರು ಸೀಲುಗಳು ಒಣಗಿ ಬಿರಿದಿರುವುದೇ ಇದಕ್ಕೆ ಹಲವು ವೇಳೆ ಕಾರಣ. ಕ್ಲಚ್ಚಿನ ಕಡೆಯ ಸೀಲು ಸೋತರೆ ಗೇರಿನ ಎಣ್ಣೆ ಯಂತ್ರದೊಳಗೆ ಸೇರಿ ಹೊಗೆಯಾಗುತ್ತದೆ. ಇನ್ನೊಂದು ಕಡೆಯ ಸೀಲು ಸೋತರೆ ಹೊರಗಿನ ಗಾಳಿ ಒಳನುಗ್ಗಿ ಯಂತ್ರ ಅತಿಯಾಗಿ ಕಾದು ಹಿಡಿದುಬಿಡುತ್ತದೆ. ಯಂತ್ರವನ್ನು ಪೂರ್ತಿ ಬಿಚ್ಚದೆ ಈ ದೋಷ ನೀಗದು.

ಉಳಿದ ಕೆಲಸಗಳು ತಾಳ್ಮೆಯವು. ಟ್ಯಾಂಕಿನ ತುಕ್ಕನ್ನು ಪೂರ್ತಿ ತೆಗೆಯಬೇಕು. ಇಲ್ಲವಾದರೆ ಕಾರ್ಬುರೇಟರನ್ನು ಎಷ್ಟು ಸಲ ತೊಳೆದರೂ ವ್ಯರ್ಥ. ಅದರ ಜೆಟ್ಟುಗಳಿಗೆ ತಂತಿ ಚುಚ್ಚಬಾರದು. ನೆನೆಹಾಕಿ ಗಾಳಿ ಹೊಡೆಯಬೇಕು. ಕಾಂಟ್ಯಾಕ್ಟ್ ಪಾಯಿಂಟುಗಳನ್ನು ಉಜ್ಜಿ ನಡುವಣ ಅಂತರವನ್ನು 0.4 ಮಿಲಿಮೀಟರಿಗೆ ಕೂಡಿಸಬೇಕು. ಕಿಡಿಗೆ 6 ವೋಲ್ಟಿನ ಬ್ಯಾಟರಿ ಜೀವಾಳವಾದ್ದರಿಂದ ಅದು ಒಳ್ಳೆಯದಿರಬೇಕು. ಜೋಡಿ ಸೈಲೆನ್ಸರುಗಳಲ್ಲಿ ಮಸಿ ಕಟ್ಟಿದ್ದರೆ ಎಂಥ ಯಂತ್ರವೂ ಎಳೆಯದು. ವೇಗಕ್ಕೆ ಮುಂಚೆ ಬ್ರೇಕು ಸರಿಯಾಗಬೇಕು. ನಿಂತೇ ಬಿರಿದ ಟೈರನ್ನು ನಂಬಬಾರದು. ಬಣ್ಣ, ಕ್ರೋಮು ಕಟ್ಟಕಡೆಗೆ.

ಕಳಚಿದ ಯಾವ ಭಾಗವನ್ನೂ ಬಿಸಾಡದಿರಿ. ಕಿಕ್ ಹೊಡೆದು ಮುಂದಕ್ಕೆ ತಿರುಗಿಸಿದರೆ ಗೇರಿನ ಪೆಡಲಾಗುವ ಆ ಒಂದೇ ಲಿವರು ಜಾವಾದ ಗುರುತು. ಅಂಥವನ್ನು ಬದಲಿಸಿದರೆ ಉಳಿಯುವುದು ಹೆಸರು ಮಾತ್ರ. ಇದು ಬರಿಯ ಅಭಿಮಾನದ ಮಾತಲ್ಲ. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ಕೇಂದ್ರ ನಿಯಮದಲ್ಲಿ ಅವಕಾಶವುಂಟು. ಆದರೆ ಹಾಗೆ ನೋಂದಾಯಿಸಿದ್ದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಸೋದರಮಾವನವರಿಗೆ ಈಗ ಎಂಬತ್ತು ದಾಟಿದೆ, ಅವರು ಓಡಿಸುವುದಿಲ್ಲ. ಪ್ರತಿ ಭಾನುವಾರ ಮೊಮ್ಮಗ ಲೀಟರಿಗೆ 40 ಮಿಲಿಲೀಟರು ಎಣ್ಣೆ ಬೆರೆಸುವುದನ್ನು ಕುಳಿತು ನೋಡುತ್ತಾರೆ. ಅಳತೆ ತಪ್ಪಿದರೆ ಗದರಿಸುತ್ತಾರೆ. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದುದರಿಂದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ನಿಲ್ಲಿಸದೆ ವಾರಕ್ಕೊಮ್ಮೆಯಾದರೂ ಯಂತ್ರ ಚೆನ್ನಾಗಿ ಕಾಯುವಷ್ಟು ದೂರ ಓಡಿಸಬೇಕು. ಓಡಿ ಸವೆದ ಯಂತ್ರವನ್ನು ದುರಸ್ತಿ ಮಾಡುವುದು ಸುಲಭ. ನಿಂತು ಕೆಟ್ಟದ್ದನ್ನು ಎಬ್ಬಿಸುವುದೇ ಕಷ್ಟ.