ಶೋಲೆಯ ಧೂಳು, ಅಹ್ಮದರ ಗಣಿತ

ರಾಮನಗರದ ರಾಮದೇವರ ಬೆಟ್ಟದ ಸುತ್ತ ‘ಶೋಲೆ’ಯ ಚಿತ್ರೀಕರಣ ಶುರುವಾದದ್ದು 1973ರ ಅಕ್ಟೋಬರಿನಲ್ಲಿ. ಅದು ನಡೆಯುತ್ತಿರುವಾಗಲೇ, 1974ರ ಜನವರಿಯಲ್ಲಿ, ಅಮೆರಿಕದ ಎಂಜಿನಿಯರಿಂಗ್ ಪತ್ರಿಕೆಯೊಂದರಲ್ಲಿ ನಾಲ್ಕು ಪುಟದ ಪ್ರಬಂಧ ಅಚ್ಚಾಯಿತು. ಬರೆದವರು ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್. ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಇವತ್ತು ಶೋಲೆ ಮೊಬೈಲಿನಲ್ಲಿ ಮೂಡುವುದಕ್ಕೆ ಆ ನಾಲ್ಕು ಪುಟಗಳೇ ಆಧಾರ.

ಪೂರ್ಣ ಎಚ್‌ಡಿ ಚಿತ್ರವನ್ನು ಕುಗ್ಗಿಸದೆ ಹಾಗೇ ಇಟ್ಟರೆ ಸೆಕೆಂಡಿಗೆ ಸುಮಾರು 150 ಮೆಗಾಬೈಟ್ ಬೇಕು. ಮೂರು ಗಂಟೆ ಮೀರಿದ ಸಿನಿಮಾಗೆ ಒಂದೂವರೆ ಟೆರಾಬೈಟೂ ಸಾಲದು. ಅದನ್ನು ಒಂದೆರಡು ಗಿಗಾಬೈಟಿಗೆ ಇಳಿಸುವ ವಿಧಾನ ಅರಿಯಲು ಬಂಡೆಗಳ ನಡುವೆ ಕುದುರೆಗಳು ಓಡುವ ಯಾವುದಾದರೂ ದೃಶ್ಯ ನೋಡಿ. ಒಂದು ಫ್ರೇಮಿನಲ್ಲಿದ್ದ ಬಂಡೆ ಮುಂದಿನ ಫ್ರೇಮಿನಲ್ಲೂ ಇದೆ. ಕ್ಯಾಮೆರಾ ತಿರುಗಿದರೆ ತುಸು ಸರಿದಿರುತ್ತದೆ, ಅಷ್ಟೆ. ಹಾಗಾಗಿ ಅದನ್ನು ಮತ್ತೆ ಕಳಿಸಬೇಕಿಲ್ಲ, ಎಷ್ಟು ಸರಿಯಿತು ಎಂದು ತಿಳಿಸಿದರೆ ಸಾಕು. ಕಷ್ಟ ಕೊಡುವುದು ಗೊರಸಿನಡಿಯಿಂದ ಏಳುವ ಧೂಳು. ಈ ಕ್ಷಣದ ಧೂಳಿಗೂ ಮರುಕ್ಷಣದ ಧೂಳಿಗೂ ತಾಳೆಯೇ ಇಲ್ಲ. ಹಳೆಯ ಫಿಲ್ಮಿನ ಕಣಗಳ ಕಥೆಯೂ ಇದೇ.

ಹೀಗೆ ಕಳೆದು ಉಳಿದದ್ದನ್ನು ಹಿಂಡುವುದೇ ಅಹ್ಮದರ ಗಣಿತದ ಕೆಲಸ. ಎಂಟಕ್ಕೆ ಎಂಟರ ಚೌಕದಲ್ಲಿ 64 ಬಿಂದುಗಳಿವೆ ಎನ್ನಿ. ಅವುಗಳ ಬೆಳಕಿನ ಅಳತೆಯನ್ನು ನಿಧಾನ ಮತ್ತು ವೇಗದ ಏರಿಳಿತಗಳಾಗಿ, ಕೊಸೈನ್ ಅಲೆಗಳ ಮೊತ್ತವಾಗಿ, ಬರೆಯಬಹುದು. ಬಂಡೆಯ ಮೈಯಂಥ ಕಡೆ ಮೊದಲ ನಾಲ್ಕಾರು ಅಲೆಗಳಲ್ಲೇ ಹೂರಣವೆಲ್ಲ ಬಂದುಬಿಡುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ಉಳಿದವನ್ನು ಸೊನ್ನೆ ಮಾಡಬಹುದು. ಈ ಸಂಶೋಧನೆಗೆ 1972ರಲ್ಲಿ ಅಹ್ಮದ್ ಕೇಳಿದ ಅನುದಾನ ಸಿಗಲಿಲ್ಲ. ವಿಷಯ ತೀರಾ ಸರಳವೆಂದು ಪರಿಶೀಲಕರೊಬ್ಬರಿಗೆ ಅನಿಸಿತ್ತು. ಅಹ್ಮದ್ ಬಿಡದೆ ಮುಂದುವರಿಸಿ, ಫಲಿತಾಂಶವನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. ಕರ್ನಾಟಕದ ಶಾಲಾಪುಸ್ತಕಗಳಲ್ಲಿ ಈ ಹೆಸರು ಇರಲೇಬೇಕು ಎಂದು ನನ್ನ ಗಟ್ಟಿ ನಂಬಿಕೆ.

ವಿಡಿಯೊ ಕುಗ್ಗಿಸುವ ಮಾನದಂಡಗಳಾದ 2003ರ ಎಚ್.264, 2013ರ ಎಚ್.265, 2020ರ ಎಚ್.266 ಎಲ್ಲದರ ಒಡಲಲ್ಲೂ ಈ ಗಣಿತವಿದೆ. ಪ್ರತಿ ತಲೆಮಾರೂ ಹಿಂದಿನದರ ಸುಮಾರು ಅರ್ಧ ಡೇಟಾದಲ್ಲೇ ಅದೇ ಗುಣಮಟ್ಟ ಕೊಡುತ್ತದೆ. ಎಚ್.264 ಚಿತ್ರವನ್ನು 16 ಬಿಂದು ಅಗಲದ ಚೌಕಗಳಾಗಿ ಕತ್ತರಿಸಿದರೆ ಎಚ್.265 64ರವರೆಗೆ, ಎಚ್.266 128ರವರೆಗೆ ಹೋಗುತ್ತದೆ. ಬಯಲಾದ ಆಕಾಶಕ್ಕೆ ದೊಡ್ಡ ಚೌಕ, ಬಂಡೆಯ ಬಿರುಕಿಗೆ ಸಣ್ಣದು. ಪಕ್ಕದ ಬಿಂದುಗಳಿಂದ ಚೌಕವನ್ನು ಊಹಿಸುವ ಬಗೆಗಳು 9ರಿಂದ 35ಕ್ಕೆ, ಅಲ್ಲಿಂದ 67ಕ್ಕೆ ಏರಿದವು. ಇಷ್ಟನ್ನೂ ತೂಗಿ ನೋಡಿ ಸರಿಯಾದದ್ದನ್ನು ಆರಿಸಬೇಕಾದ್ದರಿಂದ ಎನ್‌ಕೋಡಿಂಗ್‌ಗೆ ಹಿಡಿಯುವ ಹೊತ್ತೂ ಹಲವು ಪಟ್ಟು ಹೆಚ್ಚುತ್ತದೆ.

ಇಂಥ ಒಂದೊಂದು ಸುಧಾರಣೆಗೂ ಪೇಟೆಂಟ್ ಇದೆ. ಎಚ್.264ರ ಕಾಲದಲ್ಲಿ ಲೆಕ್ಕ ಸರಳವಾಗಿತ್ತು. ಬಹುಪಾಲು ಪೇಟೆಂಟುಗಳು ಎಂಪೆಗ್ ಎಲ್‌ಎ ಎಂಬ ಒಂದೇ ಪರವಾನಗಿ ಕೂಟದಲ್ಲಿದ್ದವು. ವರ್ಷಕ್ಕೆ ಮೊದಲ ಒಂದು ಲಕ್ಷ ಸಾಧನಗಳಿಗೆ ಶುಲ್ಕವಿಲ್ಲ, ಆಮೇಲೆ ಒಂದಕ್ಕೆ 20 ಸೆಂಟ್, 50 ಲಕ್ಷ ದಾಟಿದ ಮೇಲೆ 10 ಸೆಂಟ್. ಎಚ್.265ಕ್ಕೆ ಮೂರು ಕೂಟಗಳು ಹುಟ್ಟಿದವು, ಯಾವುದಕ್ಕೂ ಸೇರದ ಪೇಟೆಂಟುದಾರರು ಬೇರೆ. 2015ರಲ್ಲಿ ಒಂದು ಕೂಟವಂತೂ ವಿಡಿಯೊ ತೋರಿಸುವವರ ಆದಾಯದಲ್ಲೇ ಶೇ 0.5 ಪಾಲು ಕೇಳಿ, ವಿರೋಧ ಬಂದ ಮೇಲೆ ಕೈಬಿಟ್ಟಿತು. ಮಾಗಡಿ, ಕನಕಪುರದ ಕಡೆ ಜಂಟಿ ಖಾತೆಯ ಜಮೀನು ಕೊಳ್ಳಹೋದವರಿಗೆ ಈ ಪಾಡು ಗೊತ್ತು: ಮೂವರು ಸಹಿ ಹಾಕಿದರೂ ನಾಲ್ಕನೆಯ ಪಾಲುದಾರ ಕೋರ್ಟಿಗೆ ಹೋಗಬಹುದು. ಸಂಶೋಧಕರಿಗೆ ಹಣ ಸಲ್ಲಲೇಬೇಕು. ಆದರೆ ಒಟ್ಟು ಎಷ್ಟು ತೆರಬೇಕೆಂದು ಮೊದಲೇ ತಿಳಿಯದಿದ್ದರೆ ಸಣ್ಣ ಕಂಪನಿ ಆ ತಂತ್ರಜ್ಞಾನದ ತಂಟೆಗೇ ಹೋಗುವುದಿಲ್ಲ.

ಬೆಂಗಳೂರಿನ ಇತ್ತಿಯಂ ಸಿಸ್ಟಮ್ಸ್ ಬರೆದ, ಎಚ್.265 ವಿಡಿಯೊ ಬಿಡಿಸಿ ತೋರಿಸುವ ಡಿಕೋಡರ್ ಆಂಡ್ರಾಯ್ಡ್‌ನ ಮುಕ್ತ ಆಕರದಲ್ಲಿದೆ, ಯಾರು ಬೇಕಾದರೂ ಬಳಸಬಹುದು. ಆದರೆ ಮುಕ್ತವಾದದ್ದು ಆ ಕೋಡ್ ಮಾತ್ರ. ಅದು ಅಳವಡಿಸಿಕೊಂಡ ವಿಧಾನಗಳ ಪೇಟೆಂಟುಗಳಿಗೆ ಅದು ರಹದಾರಿಯಲ್ಲ. ಎಷ್ಟೋ ಹೊಸ ಉದ್ಯಮಗಳು ಎಡವುವುದು ಇಲ್ಲೇ. ನಮ್ಮ ಪೇಟೆಂಟ್ ಕಾಯಿದೆಯ 3(ಕೆ) ಕಲಮಿನಂತೆ ಗಣಿತದ ವಿಧಾನಕ್ಕೂ ಅಲ್ಗಾರಿದಮ್‌ಗೂ ಪೇಟೆಂಟ್ ಇಲ್ಲ, ನಿಜ. ಆದರೂ ಅವನ್ನು ಸಾಧನದಲ್ಲಿ ಅಳವಡಿಸುವ ತಾಂತ್ರಿಕ ವಿಧಾನಗಳಿಗೆ ಇಲ್ಲೂ ಪೇಟೆಂಟ್ ಸಿಗುತ್ತಿದೆ.

ಈ ಗೋಜಲಿಗೆ ಬೇಸತ್ತ ಗೂಗಲ್, ಅಮೆಜಾನ್, ನೆಟ್‌ಫ್ಲಿಕ್ಸ್, ಮೊಜಿಲ್ಲಾ ಮೊದಲಾದವು 2015ರಲ್ಲಿ ಒಟ್ಟುಗೂಡಿ 2018ರಲ್ಲಿ ಎವಿ1 ಎಂಬ ತಮ್ಮದೇ ಮಾನದಂಡ ತಂದವು. ಅದಕ್ಕೆ ಶುಲ್ಕವಿಲ್ಲವೆಂದು ಅವು ಘೋಷಿಸಿದರೂ, ಅದರಲ್ಲಿ ತಮ್ಮ ಪೇಟೆಂಟುಗಳಿವೆ ಎನ್ನುವವರ ಪರವಾಗಿ ಸಿಸ್ವೆಲ್ ಎಂಬ ಸಂಸ್ಥೆ ಬೇರೊಂದು ಕೂಟ ಕಟ್ಟಿತು. ಎವಿ1ರಲ್ಲಿ ಶೋಲೆಯಂಥ ಹಳೆಯ ಚಿತ್ರಗಳಿಗೆ ಒಪ್ಪುವ ಒಂದು ಉಪಾಯವಿದೆ. ಫಿಲ್ಮಿನ ಕಣಗಳನ್ನು ಮೊದಲು ಒರೆಸಿ, ಅವುಗಳ ದಪ್ಪ ಮತ್ತು ಹರವಿನ ಲೆಕ್ಕವನ್ನಷ್ಟೇ ಕಳಿಸುತ್ತಾರೆ. ನೋಡುವವರ ಫೋನು ಅಂಥವೇ ಕಣಗಳನ್ನು ಹೊಸದಾಗಿ ಚೆಲ್ಲುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಅಪರೂಪ.

ಎವಿ1 ಬಿಡಿಸುವ ಚಿಪ್ ಅಗ್ಗದ ಫೋನುಗಳಲ್ಲಿ ಇನ್ನೂ ಎಲ್ಲ ಕಡೆ ಇಲ್ಲ. ಎಚ್.264 ಎಲ್ಲ ಫೋನಿಗೂ ಅರ್ಥವಾಗುತ್ತದೆ, ಅದರ ಪೇಟೆಂಟುಗಳ 20 ವರ್ಷದ ಅವಧಿಯೂ ಒಂದೊಂದಾಗಿ ಮುಗಿಯುತ್ತಿದೆ. ಹಾಗಾಗಿ ಚನ್ನಪಟ್ಟಣದ ಅಂಗಡಿಯವರು ಗಿರಾಕಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಬೊಂಬೆಯ ವಿಡಿಯೊ ಇವತ್ತಿಗೂ ಸಾಮಾನ್ಯವಾಗಿ ಆ 2003ರ ವಿಧಾನದಲ್ಲೇ ಹೋಗುತ್ತದೆ.