ಸಾಮ್ರಾಜ್ಯವೂ ಸಾಮ್ರಾಜ್ಯಶಾಹಿಯೂ : ಒಂದು ಶಬ್ದಾರ್ಥ ವಿವೇಚನೆ

ಯುರೋಪಿಯನರ ಸಾಮುದ್ರಿಕ ವ್ಯಾಪಾರದ ಚರಿತ್ರೆಯನ್ನು ಕನ್ನಡದಲ್ಲಿ ವಿವರಿಸುವಾಗ ಸಾಮ್ರಾಜ್ಯ, ಕೋಠಿ, ಏಕಸ್ವಾಮ್ಯ, ವಸಾಹತು ಎಂಬ ಶಬ್ದಗಳನ್ನು ನಾವು ಪದೇ ಪದೇ ಬಳಸುತ್ತೇವೆ. ಇವುಗಳಲ್ಲಿ ಮೊದಲನೆಯದು ವೈದಿಕವಾದುದು. ಶತಪಥಬ್ರಾಹ್ಮಣವು ರಾಜಸೂಯದಿಂದ ರಾಜನೂ ವಾಜಪೇಯದಿಂದ ಸಮ್ರಾಜನೂ ಆಗುವನೆಂದು ಹೇಳುತ್ತದೆ. ಇಂತಹ ಸಂಸ್ಕಾರವುಳ್ಳ ಶಬ್ದವನ್ನು ಹೊಸ ವಸ್ತುವಿಗೆ ಹೊಂದಿಸಿದಾಗ, ಆ ವಸ್ತುವೂ ದಿಗ್ವಿಜಯದ ಒಂದು ಪ್ರಭೇದವೆಂಬ ಭ್ರಮೆ ವಿದ್ಯಾರ್ಥಿಗಳಲ್ಲಿ ಹುಟ್ಟುತ್ತದೆ. ಆ ಭ್ರಮೆಯನ್ನು ಪರಿಹರಿಸುವುದೇ ಈ ಲೇಖನದ ಉದ್ದೇಶ.

ಕೌಟಿಲ್ಯನು ಅರ್ಥಶಾಸ್ತ್ರದ ಹನ್ನೆರಡನೆಯ ಅಧಿಕರಣದಲ್ಲಿ ಧರ್ಮವಿಜಯಿ, ಲೋಭವಿಜಯಿ, ಅಸುರವಿಜಯಿ ಎಂದು ಮೂರು ಬಗೆಯ ಜಯಶೀಲರನ್ನು ಹೇಳಿರುವನು. ಮೊದಲನೆಯವನು ಶರಣಾಗತಿಯಿಂದ ತೃಪ್ತನಾಗುವನು. ಎರಡನೆಯವನು ಭೂಮಿ ಮತ್ತು ದ್ರವ್ಯಗಳಿಂದ. ಮೂರನೆಯವನು ಭೂಮಿ, ದ್ರವ್ಯ, ಪುತ್ರ, ಪತ್ನಿ, ಪ್ರಾಣಗಳೆಲ್ಲವನ್ನೂ ಹರಿಸಿದ ಮೇಲೆ. ಕಾಳಿದಾಸನ ರಘುವು ಮಹೇಂದ್ರನಾಥನ ಸಂಪತ್ತನ್ನು ಕೊಂಡು ಭೂಮಿಯನ್ನು ಬಿಟ್ಟುದರಿಂದ ಧರ್ಮವಿಜಯಿಯೆನಿಸಿದನು. ಈ ವಿಭಾಗಕ್ಕೆ ಆಧಾರವಾದುದು ತೃಪ್ತಿಯೆಂಬುದನ್ನು ಗಮನಿಸತಕ್ಕುದು. ಎಂತಹ ಕ್ರೂರನಿಗೂ ಸಾಕೆಂಬ ಒಂದು ಎಲ್ಲೆಯುಂಟು.

ಇನ್ನು ಯುರೋಪಿನ ಕಡೆಗೆ ನೋಡೋಣ. ೧೬೦೨ರಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯು ಹುಟ್ಟಿತು. ಪ್ರಜೆಗಳು ಷೇರುಗಳಾಗಿ ಕೂಡಿಸಿದ ಹಣವೇ ಅದರ ಬಂಡವಾಳ. ಅವರ ಪ್ರಭುತ್ವವು ಒಂದು ಸನ್ನದಿನ ಮೂಲಕ, ಗುಡ್‌ಹೋಪ್ ಭೂಶಿರದ ಪೂರ್ವಕ್ಕೆ ಡಚ್ಚರಲ್ಲಿ ಇದೊಂದೇ ವ್ಯಾಪಾರ ನಡೆಸಬಹುದೆಂದು ೨೧ ವರ್ಷಗಳ ಅವಧಿಗೆ ಅಪ್ಪಣೆ ಕೊಟ್ಟಿತು. ಇದೇ ಏಕಸ್ವಾಮ್ಯ. ಕೋಟೆ ಕಟ್ಟುವುದು, ಸೈನ್ಯವಿಡುವುದು, ಒಡಂಬಡಿಕೆ ಮಾಡುವುದು ಮುಂತಾದ ರಾಜಾಧಿಕಾರಗಳೂ ಅದೇ ಸನ್ನದಿನಲ್ಲಿ ಅಡಗಿದ್ದುವು. ಕೋಠಿಯೆಂಬುದನ್ನು ಇಂಗ್ಲಿಷರು ಫ್ಯಾಕ್ಟರಿಯೆಂದರು. ಅದು ಸರಕನ್ನು ತಯಾರಿಸುವ ಕಾರ್ಖಾನೆಯಲ್ಲ, ಕಂಪನಿಯ ಗುಮಾಸ್ತರು ವಾಸಿಸುತ್ತ ಸರಕನ್ನು ಕೊಂಡು ಕೂಡಿಡುವ ಉಗ್ರಾಣ.

ಈ ಶಬ್ದಗಳು ಒಂದರಿಂದೊಂದು ಹೇಗೆ ಬೆಳೆದುವೆಂಬುದಕ್ಕೆ ಬಾಂದಾ ದ್ವೀಪಗಳ ವೃತ್ತಾಂತವೇ ಸಾಕು. ಅಮರಕೋಶದಲ್ಲಿ ಹೆಸರುಳ್ಳ ಜಾತೀಫಲ, ಎಂದರೆ ನಮ್ಮ ತಾಂಬೂಲದ ಜಾಯಿಕಾಯಿ, ಮತ್ತು ಅದರ ಮೇಲಣ ಜಾಪತ್ರೆ, ಇವೆರಡೂ ಆ ಕಾಲದಲ್ಲಿ ಲೋಕಕ್ಕೆಲ್ಲ ದೊರೆಯುತ್ತಿದ್ದುದು ಮಲುಕು ಪ್ರದೇಶದ ಈ ಸಣ್ಣ ದ್ವೀಪಗಳಿಂದ. ಅಲ್ಲಿ ರಾಜನಿರಲಿಲ್ಲ, ಓರಂಗ್ ಕಾಯ ಎಂಬ ಹಿರಿಯರು ವ್ಯವಹಾರ ನೋಡುತ್ತಿದ್ದರು. ದ್ವೀಪಗಳಲ್ಲಿ ಅಕ್ಕಿ ಬೆಳೆಯದು. ಜಾವಾ ಮೊದಲಾದ ಕಡೆಯ ವರ್ತಕರು ತರುವ ಧಾನ್ಯಕ್ಕೂ ಹಿಂದೂಸ್ಥಾನದ ಬಟ್ಟೆಗೂ ಜಾಯಿಕಾಯಿಯನ್ನು ಕೊಟ್ಟು ಜನರು ಜೀವಿಸುತ್ತಿದ್ದರು.

ಡಚ್ಚರು ಕೆಲವರು ಹಿರಿಯರಿಂದ, ಜಾಯಿಕಾಯಿಯನ್ನು ತಮಗೊಬ್ಬರಿಗೇ ಮಾರತಕ್ಕುದೆಂಬ ಒಡಂಬಡಿಕೆಗೆ ಒಪ್ಪಿಗೆ ಪಡೆದರು. ಆದರೆ ಅಕ್ಕಿ ತರುವವನಿಗೆ ಕಾಯಿ ಕೊಡದಿದ್ದರೆ ದ್ವೀಪವಾಸಿಗಳಿಗೆ ಅನ್ನವಿಲ್ಲ. ಒಡಂಬಡಿಕೆ ಮುರಿಯಿತು. ಕಂಪನಿಯು ಅದನ್ನು ವಚನಭಂಗವೆಂದು ಕರೆಯಿತು. ೧೬೨೧ರಲ್ಲಿ ಯಾನ್ ಪೀಟರ್‌ಸೋನ್ ಕೂನ್ ಎಂಬ ಗವರ್ನರ್ ಜನರಲನು ನೌಕಾಬಲದೊಡನೆ ಬಂದು ದ್ವೀಪಗಳನ್ನು ಗೆದ್ದನು. ೪೪ ಮಂದಿ ಹಿರಿಯರು ವಧಿಸಲ್ಪಟ್ಟರು. ಸುಮಾರು ೧೫,೦೦೦ವೆಂದು ಎಣಿಸಲಾದ ಜನರಲ್ಲಿ ಅಲ್ಪಭಾಗವು ಮಾತ್ರ ಉಳಿಯಿತು. ಮಿಕ್ಕವರು ಹತರಾದರು, ಹಸಿವಿನಿಂದ ಸತ್ತರು, ದಾಸರಾಗಿ ಒಯ್ಯಲ್ಪಟ್ಟರು ಅಥವಾ ಓಡಿಹೋದರು. ಆಮೇಲೆ ತೋಟಗಳನ್ನು ಪಾಲುಮಾಡಿ ಡಚ್ ಒಕ್ಕಲುಗಾರರಿಗೆ ಹಂಚಿ, ಪರದೇಶಗಳಿಂದ ದಾಸರನ್ನು ತಂದು ದುಡಿಸಲಾಯಿತು. ಫಲವನ್ನು ನಿಗದಿಯಾದ ಬೆಲೆಗೆ ಕೊಳ್ಳುವವಳು ಕಂಪನಿಯೊಬ್ಬಳೇ.

ಇಲ್ಲಿ ವಸಾಹತುಶಬ್ದದ ಪರೀಕ್ಷೆಯಾಗುತ್ತದೆ. ಅದಕ್ಕೆ ಸಮಾನವಾದ ಲ್ಯಾಟಿನ್ ಶಬ್ದವು ಕೃಷಿಮಾಡುವುದೆಂಬ ಧಾತುವಿನಿಂದ ಬಂದುದು. ಬಾಂದಾದಲ್ಲಾದರೋ ಕೃಷಿ ಬಲ್ಲವರು ಅಳಿದರು, ಕೃಷಿಮಾಡಿದವರು ದಾಸರು, ವಸಾಹತುಗಾರನೆನಿಸಿದವನು ಒಡೆಯನು ಮಾತ್ರ.

ಮತ್ತೊಂದು ವಿಚಿತ್ರ. ಹ್ಯೂಗೋ ಗ್ರೋಷಿಯಸ್ ಎಂಬ ಡಚ್ ನ್ಯಾಯಪಂಡಿತನ ಮಾರೆ ಲಿಬೆರುಂ ಎಂಬ ಗ್ರಂಥವು ೧೬೦೯ರಲ್ಲಿ ಪ್ರಕಟವಾಯಿತು. ಸಮುದ್ರವು ಯಾರೊಬ್ಬರ ಸ್ವತ್ತೂ ಅಲ್ಲ, ವ್ಯಾಪಾರವು ಎಲ್ಲರ ಹಕ್ಕು ಎಂಬುದು ಅದರ ಸಿದ್ಧಾಂತ. ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಯ ಹಡಗುಗಳನ್ನೂ ಒಳಗೊಂಡು ಎಲ್ಲರೂ ತಮ್ಮ ರಹದಾರಿ ಪಡೆಯಬೇಕೆಂದು ಬಲಾತ್ಕರಿಸುತ್ತಿದ್ದ ಕಾಲವದು. ಅವರ ವಿರುದ್ಧ ಈ ವಾದವು ಡಚ್ಚರಿಗೆ ಒದಗಿತು. ಹನ್ನೆರಡು ವರ್ಷಗಳ ತರುವಾಯ ಬಾಂದಾದವರಿಗೆ ಅದೇ ನ್ಯಾಯವು ಸಲ್ಲಲಿಲ್ಲ.

ಹಾಗಾದರೆ ಕಂಪನಿಯು ಕೌಟಿಲ್ಯನ ಅಸುರವಿಜಯಿಯೇ ಎಂದು ಕೇಳಬಹುದು. ಕರ್ಮದಲ್ಲಿ ಹೌದು, ಕರ್ತೃವಿನಲ್ಲಿ ಅಲ್ಲ. ವಿಜಯಿಯು ಒಬ್ಬ ವ್ಯಕ್ತಿ. ಶರಣುಹೊಕ್ಕವನನ್ನು ಅವನು ಕ್ಷಮಿಸಬಲ್ಲನು, ಸಾಕೆನ್ನಬಲ್ಲನು. ಷೇರುದಾರನಾದರೋ ಆಮ್‌ಸ್ಟರ್‌ಡ್ಯಾಮಿನಲ್ಲಿ ಕುಳಿತು ಲಾಭಾಂಶವನ್ನು ಮಾತ್ರ ಕಾಣುವನು. ಮುಂದೆಯೂ ಲಾಭ ಬರಬೇಕು. ಅಲ್ಲಿ ತೃಪ್ತಿಗೆ ಸ್ಥಾನವೇ ಇಲ್ಲ. ಕಂಪನಿಯು ನಿಂತುದು ಕರುಣೆಯಿಂದಲ್ಲ. ಸಾಲದಿಂದ ಕುಸಿದು, ೧೭೯೯ರ ಕೊನೆಯಲ್ಲಿ ಅದರ ಸನ್ನದು ಮುಗಿಯಿತು.

ಆದಕಾರಣ ಅಧ್ಯಾಪಕ ಮಹಾಶಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ದಿಗ್ವಿಜಯದಿಂದ ಬಂದುದನ್ನು ಸಾಮ್ರಾಜ್ಯವೆಂದೂ, ಸನ್ನದು ಮತ್ತು ಏಕಸ್ವಾಮ್ಯಗಳಿಂದ ಬೆಳೆದುದನ್ನು ಸಾಮ್ರಾಜ್ಯಶಾಹಿಯೆಂದೂ ಬೇರೆಮಾಡಿ ಹೇಳುವುದು ಯುಕ್ತ. ಎರಡರಲ್ಲಿಯೂ ರಕ್ತಪಾತವುಂಟು, ಆದರೆ ಎರಡನೆಯದರ ಬೀಜವು ಖಡ್ಗದಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ಶಬ್ದವನ್ನು ಶೋಧಿಸದೆ ಬಳಸಿದರೆ ಬಾಂದಾದ ಹಿರಿಯರ ವಧೆಯೂ ರಘುವಿನ ದಿಗ್ವಿಜಯದ ಸಾಲಿನಲ್ಲಿ ನಿಂತೀತು. ವಿದ್ವಾಂಸರು ವಿಮರ್ಶಿಸಿ, ದೋಷವಿದ್ದಲ್ಲಿ ತಿದ್ದಬೇಕಾಗಿ ಪ್ರಾರ್ಥನೆ.